ಪಾರ್ಕಿಂಗ್ ಬ್ರೇಕ್ ಬಿಟ್ಟರೂ ಲಾರಿ ಕದಲುತ್ತಿಲ್ಲ, ಏನಾಗಿರಬಹುದು?

ಪ್ರಶ್ನೆ: ರಾತ್ರಿ ನಿಲ್ಲಿಸಿದ್ದ ಲಾರಿ ಬೆಳಗ್ಗೆ ಮುಂದಕ್ಕೆ ಹೋಗುತ್ತಿಲ್ಲ. ಪಾರ್ಕಿಂಗ್ ಬ್ರೇಕ್ ಬಿಟ್ಟಿದ್ದೇನೆ. ಗೇರ್ ಹಾಕಿದರೆ ಇಂಜಿನ್ ಒದ್ದಾಡುತ್ತದೆ, ಹಿಂದಿನ ಚಕ್ರ ಮಾತ್ರ ಹಿಡಿದುಕೊಂಡೇ ಇದೆ. ಯಾವ ಪಾರ್ಟ್ ಹೋಗಿದೆ?

ಉತ್ತರ: ಪಾರ್ಟ್ ವಿಷಯ ಆಮೇಲೆ. ಎಷ್ಟು ಚಕ್ರ ಹಿಡಿದಿವೆ ಅಂತ ಮೊದಲು ನೋಡಿ. ಒಂದೇ ಚಕ್ರವೋ, ಒಂದು ಆಕ್ಸಲ್‌ನ ಎರಡೂ ಕಡೆಯೋ, ಹಿಂದಿನವು ಎಲ್ಲವೋ? ಇದನ್ನು ನೋಡದೆ ಸುಮ್ನೆ ವಾಲ್ವ್ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಏರ್ ಬ್ರೇಕ್‌ನಲ್ಲಿ ಕಾಲಿನ ಬ್ರೇಕ್ ಹಿಡಿಯುವುದು ಗಾಳಿಯಿಂದ. ಪಾರ್ಕಿಂಗ್ ಬ್ರೇಕ್ ಇದಕ್ಕೆ ಉಲ್ಟಾ. ಅಲ್ಲಿ ಹಿಡಿಯುವುದು ಚೇಂಬರ್ (ಚಕ್ರದ ಬಳಿ ಇರುವ, ಬ್ರೇಕ್ ಒತ್ತುವ ಡಬ್ಬಿ) ಒಳಗಿನ ದೊಡ್ಡ ಸ್ಪ್ರಿಂಗ್, ಬಿಡಿಸುವುದು ಗಾಳಿ. ಗಾಳಿ ಇಲ್ಲದಿದ್ದರೆ ಲಾರಿ ನಿಲ್ಲಲೇಬೇಕು, ಹಾಗೆಂದೇ ಮಾಡಿರುವುದು.

ಹಿಂದಿನ ಎಲ್ಲಾ ಚಕ್ರ ಹಿಡಿದಿದ್ದರೆ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿ. ಸಾಮಾನ್ಯವಾಗಿ 7ರಿಂದ 8 ಬಾರ್ ಇರಬೇಕು. ಸುಮಾರು 4 ಬಾರ್‌ಗೆ ಇಳಿದಾಗ ಎಚ್ಚರಿಕೆಯ ದೀಪ ಅಥವಾ ಬಜರ್ ಬರುತ್ತದೆ. ಸ್ಪ್ರಿಂಗ್ ಪೂರ್ತಿ ಹಿಂದೆ ಸರಿಯಲು ಹೆಚ್ಚಿನ ಲಾರಿಗಳಲ್ಲಿ 5 ಬಾರ್ ಆಸುಪಾಸು ಬೇಕು. ಇಂಜಿನ್ ಸ್ವಲ್ಪ ಹೊತ್ತು ಓಡಿದರೂ ಮುಳ್ಳು ಏರದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಕಂಪ್ರೆಸರ್ ತುಂಬುತ್ತಿಲ್ಲ. ಗಾಳಿ ಟ್ಯಾಂಕಿನ ನೀರು ಬಸಿಯುವ ಡ್ರೈನ್ ವಾಲ್ವ್ ತೆರೆದೇ ಉಳಿದಿರುವುದೂ ಉಂಟು. ಗೇಜ್ ತುಂಬಿದ್ದೂ ಚಕ್ರ ಬಿಡದಿದ್ದರೆ ಪಾರ್ಕಿಂಗ್ ವಾಲ್ವ್‌ನಿಂದ ಹಿಂದಕ್ಕೆ ಗಾಳಿ ಹೋಗುತ್ತಿಲ್ಲ. ತುಂಬಾ ಚಳಿಯ ಜಾಗದಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟಿಯೂ ಹೀಗಾಗುತ್ತದೆ. ಆಗ ಪೈಪಿಗೆ ಬೆಂಕಿ ಹಿಡಿಯಬೇಡಿ. ನೈಲಾನ್ ಪೈಪು ಕರಗಿದರೆ ಇದ್ದ ಗಾಳಿಯೂ ಹೋಗುತ್ತದೆ.

ಒಂದೇ ಆಕ್ಸಲ್‌ನ ಎರಡೂ ಚಕ್ರ ಹಿಡಿದಿದ್ದರೆ ಅನುಮಾನ ರಿಲೇ ವಾಲ್ವ್ (ಆ ಆಕ್ಸಲ್‌ನ ಚೇಂಬರ್‌ಗಳಿಗೆ ಗಾಳಿ ಕೊಟ್ಟು ಬಿಡುವ ವಾಲ್ವ್) ಮೇಲೆ ಹೋಗಬೇಕು. ಅದು ಸಿಕ್ಕಿಕೊಂಡರೆ ಕಾಲು ತೆಗೆದರೂ ಚೇಂಬರಿನ ಗಾಳಿ ಹೊರಗೆ ಹೋಗುವುದಿಲ್ಲ. ಚಕ್ರಗಳು ಉರುಳದಂತೆ ಗಟ್ಟಿ ಕಟ್ಟೆ ಕೊಟ್ಟು, ಕಾಲಿನ ಬ್ರೇಕಿನ ಪೈಪನ್ನು ಸ್ವಲ್ಪವೇ ಸಡಿಲಿಸಿ. ಬುಸ್ಸೆಂದು ಗಾಳಿ ಬಂದು ಚಕ್ರ ಬಿಟ್ಟರೆ ತಪ್ಪು ವಾಲ್ವ್‌ದೇ ಅಥವಾ ಮಡಚಿದ ಪೈಪಿನದು. ಪಾರ್ಕಿಂಗ್ ಕಡೆಯ ಪೈಪು ಸಡಿಲಿಸಿದರೆ ಮಾತ್ರ ಬ್ರೇಕ್ ಇನ್ನೂ ಗಟ್ಟಿಯಾಗುತ್ತದೆ, ಯಾವ ಪೈಪು ಯಾವುದು ಅಂತ ನೋಡಿಕೊಳ್ಳಿ.

ಒಂದೇ ಚಕ್ರ ಹಿಡಿಯುವುದು ಜಾಸ್ತಿ ಕಾಣುವ ತೊಂದರೆ. ಇಲ್ಲಿ ನನಗೆ ಅತಿ ಇಷ್ಟದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಒಬ್ಬರು ಕ್ಯಾಬಿನ್‌ನಲ್ಲಿ ಕೂತು ಪಾರ್ಕಿಂಗ್ ಬ್ರೇಕ್ ಹಾಕಿ ಬಿಡಲಿ. ನೀವು ಚೇಂಬರ್‌ನಿಂದ ಹೊರಬರುವ ರಾಡ್ ನೋಡುತ್ತಿರಿ, ಕೈ ಮಾತ್ರ ಹತ್ತಿರ ಬೇಡ. ಬ್ರೇಕ್ ಬಿಟ್ಟಾಗ ರಾಡ್ ಒಳಗೆ ಹೋಗದಿದ್ದರೆ ತೊಂದರೆ ಚೇಂಬರ್ ಅಥವಾ ಗಾಳಿಯ ಕಡೆ, ಇಲ್ಲವೇ ಶೂಗಳನ್ನು ಡ್ರಮ್‌ನ ಒಳಮೈಗೆ ಒತ್ತುವ ಕ್ಯಾಮ್ ಶಾಫ್ಟ್ ಬಿಗಿದುಕೊಂಡಿರಬಹುದು. ಚೇಂಬರ್‌ನಿಂದ ಸೋರುವ ಸದ್ದೂ ಬಂದರೆ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಹರಿದಿದೆ. ಸ್ಪ್ರಿಂಗ್ ತುಂಡಾಗಿ ಅದರ ತುದಿಯೇ ಡಯಾಫ್ರಮ್‌ಗೆ ತೂತು ಮಾಡುವುದೂ ಇದೆ.

ರಾಡ್ ಸರಿಯಾಗಿ ಹಿಂದೆ ಸರಿದೂ ಚಕ್ರ ಬಿಡದಿದ್ದರೆ ಗಾಳಿಯನ್ನು ಬೈದು ಉಪಯೋಗವಿಲ್ಲ. ತೊಂದರೆ ಡ್ರಮ್ ಕಡೆ ಇದೆ. ಶೂ ಎಳೆಯುವ ಸ್ಪ್ರಿಂಗ್ ಮುರಿದಿರಬಹುದು, ಸ್ಲ್ಯಾಕ್ ಅಡ್ಜಸ್ಟರ್ (ರಾಡ್‌ಗೂ ಕ್ಯಾಮ್ ಶಾಫ್ಟ್‌ಗೂ ನಡುವಿನ ತೋಳು) ಅತಿ ಬಿಗಿಯಾಗಿರಬಹುದು. ಲಾರಿ ತೊಳೆದು ಒದ್ದೆಯಲ್ಲೇ ದಿನಗಟ್ಟಲೆ ನಿಲ್ಲಿಸಿದ್ದರೆ ಶೂ ಮೇಲಿನ ಲೈನರ್ ತುಕ್ಕಿನಿಂದ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ನಿಮ್ಮ ಹಾಗೆ ರಾತ್ರಿ ನಿಲ್ಲಿಸಿ ಬೆಳಗ್ಗೆ ಸಿಕ್ಕಿಕೊಂಡವರು ಇನ್ನೊಂದನ್ನೂ ನೆನಪು ಮಾಡಿಕೊಳ್ಳಿ. ಘಾಟಿ ಇಳಿದು, ಡ್ರಮ್ ಕೆಂಡದಂತೆ ಕಾದಿರುವಾಗಲೇ ಪಾರ್ಕಿಂಗ್ ಬ್ರೇಕ್ ಹಾಕಿದಿರಾ? ಬಿಸಿಗೆ ಹಿಗ್ಗಿದ ಡ್ರಮ್ ತಣ್ಣಗಾಗುತ್ತಾ ಕುಗ್ಗಿ ಶೂಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅಂಟಿಕೊಂಡದ್ದನ್ನು ಬಿಡಿಸಲು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಕ್ಲಚ್ ಒಮ್ಮೆಲೇ ಬಿಟ್ಟು ಜಗ್ಗಿದರೆ ಆಕ್ಸಲ್ ಶಾಫ್ಟೇ ತುಂಡಾಗಬಹುದು. ತಿರುಗದ ಚಕ್ರವನ್ನು ಎಳೆದುಕೊಂಡು ಹೋದರೆ ಟೈರ್ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ.

ದಾರಿಯಲ್ಲೇ ಸಿಕ್ಕಿಕೊಂಡು ಗಾಳಿ ತುಂಬಿಸಲು ಆಗದಿದ್ದರೆ, ಚೇಂಬರ್ ಹಿಂಭಾಗದ ಬೋಲ್ಟ್ ಹಾಕಿ ತಿರುಗಿಸಿ ಸ್ಪ್ರಿಂಗ್ ಅನ್ನು ಹಿಂದಕ್ಕೆ ಎಳೆದಿಡಬಹುದು. ಎಷ್ಟೋ ಚೇಂಬರ್‌ಗಳ ಪಕ್ಕದಲ್ಲೇ ಈ ಬೋಲ್ಟ್ ಸಿಗಿಸಿರುತ್ತಾರೆ. ಮೊದಲು ಚಕ್ರಗಳಿಗೆ ಕಟ್ಟೆ ಕೊಡಿ, ಯಾಕೆಂದರೆ ಆ ಚಕ್ರಕ್ಕೆ ಆಮೇಲೆ ಪಾರ್ಕಿಂಗ್ ಬ್ರೇಕ್ ಇರುವುದಿಲ್ಲ. ಚೇಂಬರ್ ಜಜ್ಜಿಹೋಗಿದ್ದರೆ ಅಥವಾ ಸ್ಪ್ರಿಂಗ್ ತುಂಡಾದ ಅನುಮಾನವಿದ್ದರೆ ಮುಟ್ಟಲೇಬೇಡಿ. ಸ್ಪ್ರಿಂಗ್ ಇರುವ ಭಾಗದ ಸುತ್ತಿನ ಕ್ಲ್ಯಾಂಪ್ ಅನ್ನಂತೂ ಯಾವತ್ತೂ ಬಿಚ್ಚಬಾರದು. ಒಳಗೆ ಅದುಮಿಟ್ಟ ಸ್ಪ್ರಿಂಗ್ ಸಿಡಿದು ಜೀವ ಹೋಗಿರುವ ಉದಾಹರಣೆಗಳಿವೆ.

ಚಕ್ರ ಬಿಟ್ಟ ಮೇಲೆ ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಡ್ರಮ್ ಮುಟ್ಟದೆ, ಅಂಗೈ ಹತ್ತಿರ ಹಿಡಿದು ಬಿಸಿ ನೋಡಿ. ಬೇರೆಯವಕ್ಕಿಂತ ಒಂದು ಜಾಸ್ತಿ ಕಾದಿದ್ದರೆ ಆ ಬ್ರೇಕ್ ಇನ್ನೂ ಪೂರ್ತಿ ಬಿಟ್ಟಿಲ್ಲ, ಅದನ್ನು ಹಾಗೇ ಓಡಿಸಿದರೆ ಟೈರಿಗೆ ಬೆಂಕಿ ಹತ್ತಬಹುದು.