ವಾಲಿದ ಮರದ ಫೋಟೊಗೆ ನೆಟ್ಟಗಿನ ಗೆರೆಯೊಂದು ಬೇಕು

ಕಡಲಂಚಿನ ಕಡಿದಾದ ಬಂಡೆಯ ಮೇಲೆ ವಾಲಿ ನಿಂತ ಮರ ಕಂಡರೆ ಗಾಳಿ ಬಗ್ಗಿಸಿದೆ ಅನ್ನುತ್ತೇವೆ. ಅಲ್ಲಿ ಗಾಳಿ ಹೆಚ್ಚಾಗಿ ಮಾಡುವುದು ಸವರುವ ಕೆಲಸ. ಉಪ್ಪು ಹೊತ್ತ ಗಾಳಿಗೆ ಸಮುದ್ರದ ಕಡೆಯ ಎಳೆ ಚಿಗುರು ಒಣಗಿ ಸಾಯುತ್ತದೆ, ಮರೆಯಲ್ಲಿರುವ ಚಿಗುರು ಉಳಿದು ಬೆಳೆಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ನೆತ್ತಿಯೆಲ್ಲ ಒಂದೇ ಕಡೆಗೆ ಬಾಚಿದ ಕೂದಲಿನಂತಾಗುತ್ತದೆ. ನ್ಯೂಜಿಲೆಂಡ್‌ ದಕ್ಷಿಣ ದ್ವೀಪದ ತುತ್ತತುದಿಯಾದ ಸ್ಲೋಪ್ ಪಾಯಿಂಟ್‌ನ ಮರಗಳು ಇದಕ್ಕೇ ಹೆಸರುವಾಸಿ. ಆದ್ದರಿಂದ ಗಾಳಿಗೆ ಎದುರಾದ ಕಡೆಯ ಸತ್ತ ಕಡ್ಡಿಗಳನ್ನು ಚೌಕಟ್ಟಿನಿಂದ ಹೊರಗಿಡಬೇಡಿ, ಮರದ ಕಥೆ ಇರುವುದೇ ಅಲ್ಲಿ. ದಂಡೆಯ ತೆಂಗನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಅದು ಬೆಳಕು ಹುಡುಕಿ ಸಮುದ್ರದ ಕಡೆಗೇ ವಾಲುತ್ತದೆ.

ಎಲ್ಲಿ ನಿಲ್ಲಬೇಕು ಅನ್ನುವುದೇ ಮುಖ್ಯ ಪಾಠ. ನಮ್ಮ ಕರಾವಳಿಯಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಹಾಗಾಗಿ ಗಾಳಿ ಸವರಿದ ಮರ ಪೂರ್ವಕ್ಕೆ ವಾಲಿರುತ್ತದೆ. ಗೋಕರ್ಣದ ಗುಡ್ಡದ ಮೇಲೆ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಮರ ನಮ್ಮ ಕಡೆಗೇ ಬಾಗಿರುತ್ತದೆ. ಫೋಟೊದಲ್ಲಿ ಆ ಬಾಗು ಕಾಣುವುದೇ ಇಲ್ಲ. ದಂಡೆಗುಂಟ ಉತ್ತರಕ್ಕೆ ತಿರುಗಿ. ಎಡಕ್ಕೆ ಸಮುದ್ರ, ಬಲಕ್ಕೆ ವಾಲಿದ ನೆತ್ತಿ, ಸಂಜೆಯಾದರೆ ಎಡಗಡೆಯಿಂದ ಬೀಳುವ ಓರೆ ಬಿಸಿಲಿಗೆ ತೊಗಟೆಯ ಒಂದೊಂದು ಸೀಳೂ ಎದ್ದು ಕಾಣುತ್ತದೆ. ವಾಲಿದ ಕಡೆ ಒಂದಿಷ್ಟು ಖಾಲಿ ಆಕಾಶ ಬಿಡಿ.

ಸಮುದ್ರ ಆಕಾಶ ಕೂಡುವ ನೀರಿನ ಗೆರೆ ಮಟ್ಟವಾಗಿರಲೇಬೇಕು. ಅದು ತುಸು ಓರೆಯಾದರೂ ನೋಡುವವರು ಕ್ಯಾಮೆರಾ ವಾಲಿದೆ ಅಂದುಕೊಳ್ಳುತ್ತಾರೆ, ಮರದ ವಾಲು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಕಲಿಯಲು ಕೊಪ್ಪಳದವರು ಕಡಲಿಗೇ ಹೋಗಬೇಕಿಲ್ಲ. ಆಷಾಢದಲ್ಲಿ ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಕ್ಕೆ ಹೋಗಿ, ಬದುವಿನ ಬೇವಿನ ಮರ ಆರಿಸಿಕೊಳ್ಳಿ. ಹಿಂದೆ ಗಾಳಿಯಂತ್ರದ ಕಂಬ ಬರುವಂತೆ ನಿಂತರೆ ನೆಟ್ಟಗಿನ ಗೆರೆ ತಾನಾಗಿಯೇ ಸಿಗುತ್ತದೆ. ಆನೆಗೊಂದಿಯ ಬಂಡೆಗಳ ನಡುವೆ ಇಂಥ ಗೆರೆ ಸಿಗುವುದು ಕಷ್ಟ, ಅಲ್ಲಿ ಎಲ್ಲವೂ ಉರುಟು, ಎಲ್ಲವೂ ಓರೆ. ಸಣಾಪುರ ಕೆರೆಯ ನೀರಿನಂಚನ್ನೋ ಭತ್ತದ ಗದ್ದೆಯ ಬದುವನ್ನೋ ಚೌಕಟ್ಟಿನೊಳಗೆ ತನ್ನಿ. ಬಂಡೆಯ ಸೀಳಿನಿಂದ ಹೊರಟ ಮರ ಬೆಳಕಿಗೂ ಓರೆಯಾಗುತ್ತದೆ. ಕಡ್ಡಿಗಳನ್ನು ಹತ್ತಿರದಿಂದ ನೋಡದೆ ಗಾಳಿಯ ಹೆಸರು ಹೇಳಬೇಡಿ.

ಷಟರ್ ವೇಗ ಎರಡು ಬಗೆ. 1/500 ಸೆಕೆಂಡಿಗೆ ಎಲೆಗಳೂ ಸಾಮಾನ್ಯವಾಗಿ ಹಿಡಿದಿಟ್ಟಂತೆ ನಿಲ್ಲುತ್ತವೆ. ನನಗೆ ಇಷ್ಟ 1/8 ಸೆಕೆಂಡಿನ ಆಸುಪಾಸು: ಬೊಡ್ಡೆ ಅಲುಗುವುದಿಲ್ಲ, ಎಲೆಗಳು ಗಾಳಿಯ ದಿಕ್ಕಿಗೆ ಹರಿದುಹೋಗುತ್ತವೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸ್ ಕಿಂಡಿ ಎಫ್/11 ಇಟ್ಟೂ ಬೆಳಕು ಹೆಚ್ಚಾದರೆ ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಟ್ರೈಪಾಡ್ ಗಿಡ್ಡವಾಗಿರಲಿ, ನಡುಕಂಬ ಎತ್ತಬೇಡಿ. ತೂಕಕ್ಕೆ ಬ್ಯಾಗ್ ತೂಗಿಹಾಕುವುದಾದರೆ ಅದರ ತಳ ನೆಲಕ್ಕೆ ತಾಗುತ್ತಿರಲಿ. ತೂಗಾಡುವ ಬ್ಯಾಗ್ ಕ್ಯಾಮೆರಾವನ್ನೂ ಅಲುಗಿಸುತ್ತದೆ.

ಕಡಲಿಗೆ ಹೋದಾಗ ಲೆನ್ಸ್ ಮೇಲೆ ಕೂರುವ ಉಪ್ಪನ್ನು ಒಣ ಬಟ್ಟೆಯಿಂದ ಉಜ್ಜಬಾರದು, ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಮೊದಲು ಒರೆಸಿ, ಆಮೇಲೆ ಒಣ ಬಟ್ಟೆ.