ಮಾಮಾನ ಪಿಸಿಗೆ ಮೊದಲು ಬೇಕಾಗಿದ್ದು ಒಂದು ಸೆಲ್

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮಾಮಾನ ಮನೆಯ ಅಟ್ಟದ ಮೇಲೆ ಒಂದು ಹಳೇ ಪಿಸಿ ಬಿದ್ದಿತ್ತು. ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ್‍ಯಾಮ್. ಗುಜರಿಗೆ ಹಾಕೋಣ ಅಂದೆ. "ಏ, ಒಗೀಬ್ಯಾಡೋ, ಅದರಾಗ ನನ್ನ ಪಾಠದ ನೋಟ್ಸ್ ಅದಾವ" ಅಂದರು. ಕನ್ನಡ ಮಾಸ್ತರಾಗಿ ನಿವೃತ್ತರಾದವರು, ಎದುರು ಮಾತಾಡೋ ಹಾಗಿಲ್ಲ.

ಸರಿ, ಬೇಕಾದ ನಾಲ್ಕು ಸಾಫ್ಟ್‌ವೇರ್ ಇಳಿಸಿ ಕೊಟ್ಟರಾಯಿತು ಅಂತ ಕೂತೆ. ಒಂದು ವೆಬ್‌ಸೈಟೂ ತೆರೆಯಲಿಲ್ಲ. ಮೂಲೆಯಲ್ಲಿ ತಾರೀಖು ನೋಡಿದರೆ 2002ರ ಜನವರಿ 1!

ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್ ಸತ್ತಿತ್ತು. ಅದರ ಹೆಸರು ಸಿಆರ್ 2032. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ, ಅಷ್ಟೇ. ಪಿಸಿ ಆರಿಸಿದಾಗಲೂ ಒಳಗಿನ ಗಡಿಯಾರ ಓಡಿಸೋದು ಇದೇ. ಆ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ ಒಂದು ಉಳಿಯುತ್ತದೆ. ಕೈಗಡಿಯಾರದಲ್ಲೂ ಇದೇ ಹರಳು, ಇದೇ ಲೆಕ್ಕ. ನನಗೆ ಸೆಲ್ ಸಿಕ್ಕಿದ್ದೂ ವಾಚ್ ರಿಪೇರಿ ಅಂಗಡಿಯಲ್ಲೇ.

ತಾರೀಖಿಗೂ ವೆಬ್‌ಸೈಟಿಗೂ ಏನು ಸಂಬಂಧ ಅಂತೀರಾ? ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ, 2002ರಲ್ಲೇ ನಿಂತ ಪಿಸಿಗೆ ಅವೆಲ್ಲ ಇನ್ನೂ ಹುಟ್ಟೇ ಇಲ್ಲದ ಪತ್ರಗಳು. ತಾರೀಖು ಸರಿ ಮಾಡಿದೆ. ಆದರೂ ತೆರೆಯಲಿಲ್ಲ. ಎಕ್ಸ್‌ಪಿ ಬಂದಿದ್ದು 2001ರಲ್ಲಿ, ಈಗಿನ ವೆಬ್‌ಸೈಟುಗಳು ಕೇಳುವ ಟಿಎಲ್‌ಎಸ್ 1.2 ಎಂಬ ಗುಪ್ತ ಭಾಷೆ ಬಂದಿದ್ದು 2008ರಲ್ಲಿ. ಎಕ್ಸ್‌ಪಿಯಲ್ಲಿದ್ದ ಹಳೇ ಬ್ರೌಸರಿಗೆ ಆ ಭಾಷೆಯೇ ಬರೋದಿಲ್ಲ. ಅಲ್ಲದೆ 2014ರ ಏಪ್ರಿಲ್ 8ಕ್ಕೇ ಎಕ್ಸ್‌ಪಿಗೆ ಸುರಕ್ಷತೆಯ ಅಪ್‌ಡೇಟ್ ಕೊಡೋದನ್ನು ಮೈಕ್ರೋಸಾಫ್ಟ್ ನಿಲ್ಲಿಸಿದೆ. ಸುಮ್ನೆ ಯಾಕೆ ಅಂತ ನೆಟ್ ವೈರ್ ಕಿತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ದೆ.

ಜಾಸ್ತಿ ಏನೂ ಬೇಕಾಗಲಿಲ್ಲ. ಒತ್ತಿ ಕಟ್ಟಿದ ಜಿಪ್ ಫೈಲ್ ಬಿಚ್ಚಲು 7-ಜಿಪ್, ಹಾಡಿಗೆ ವಿಎಲ್‌ಸಿ. ಎರಡೂ ಪುಕ್ಕಟೆ, ಎರಡೂ ಎಕ್ಸ್‌ಪಿಯಲ್ಲಿ ಓಡುತ್ತವೆ. ಇಂಥ ಹಳೇ ಪಿಸಿಗೆ 32-ಬಿಟ್‌ನದ್ದೇ ತಗೊಳ್ಳಿ, 64 ಇಳಿಸಿದರೆ ಶುರುವೇ ಆಗಲ್ಲ. ತಯಾರಿಸಿದವರ ಸ್ವಂತ ತಾಣ ಬಿಟ್ಟು ಬೇರೆ ಕಡೆ ಕೈ ಹಾಕಬೇಡಿ, ಅಂಥ ಕಡೆ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿ ನಾನು ಒಮ್ಮೆ ಕೆಟ್ಟಿದ್ದೇನೆ.

ಇನ್ನು ನೋಟ್ಸ್. ಮೊದಲು ಅವನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿ, ಲ್ಯಾಪ್‌ಟಾಪಿನಲ್ಲಿ ತೆರೆದೆ. ಬರೀ ಇಂಗ್ಲಿಷ್ ಅಕ್ಷರಗಳ ಕಲಬೆರಕೆ. ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನ ಹಳೇ ಆವೃತ್ತಿಯಲ್ಲಿ ಬರೆದದ್ದು ಅದು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಬೇರೆಯೇ ಜಾಗ ಇದೆ, ಆ ಹಳೇ ಫಾಂಟುಗಳು ಮಾತ್ರ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂಡಿಸುತ್ತಿದ್ದವು. ಮಾಮಾನ ಪಿಸಿಯಿಂದಲೇ ಫಾಂಟ್ ತಂದು ಹಾಕಿದೆ, ಪುಟ ಫಕ್ಕನೆ ಕನ್ನಡವಾಯಿತು.

ಮಾಮಾ ಕನ್ನಡಕ ಏರಿಸಿಕೊಂಡು ಬಗ್ಗಿ ಓದಿದರು. "ಮೂರನೇ ಸಾಲಿನಾಗ ಒತ್ತು ತಪ್ಪೇತಲ್ಲೋ!"