ಪ್ಯಾಲೆಸ್ಟೀನ್ ಕುಟುಂಬಗಳಿಗೆ ನೆರವು: ಗಡಿಯಿಂದ ಒಲೆಯವರೆಗೆ

ನೆರವಿನ ಸುದ್ದಿಯಲ್ಲಿ ಎದ್ದು ಕಾಣುವುದು ಲಾರಿಗಳ ಸಂಖ್ಯೆ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್–ಹಮಾಸ್ ಯುದ್ಧ ಶುರುವಾಗುವ ಮೊದಲು ಗಾಜಾ ಪಟ್ಟಿಗೆ ಕೆಲಸದ ದಿನವೊಂದಕ್ಕೆ ಸರಾಸರಿ 500 ಲಾರಿ ಸರಕು ಹೋಗುತ್ತಿತ್ತು. ಅದರಲ್ಲಿ ನೆರವೂ ಇತ್ತು, ವ್ಯಾಪಾರಿಗಳ ಮಾಲೂ ಇತ್ತು. ಈ ಅಂಕಿ ಬೇಕು ನಿಜ, ಆದರೆ ಅಷ್ಟಕ್ಕೇ ನಿಂತರೆ ಕುಟುಂಬದ ಸ್ಥಿತಿ ತಿಳಿಯದು. ಗಡಿ ದಾಟಿದ ಹಿಟ್ಟು ತಟ್ಟೆಗೆ ಬರಬೇಕಾದರೆ ನೀರು, ಉರುವಲು, ನಡೆದು ಹೋಗಬಹುದಾದ ದೂರದಲ್ಲಿ ವಿತರಣಾ ಕೇಂದ್ರ, ಪಟ್ಟಿಯಲ್ಲಿ ಹೆಸರು ಇಷ್ಟೂ ಕೂಡಿಬರಬೇಕು. ಹಾಗಾಗಿ ಇಲ್ಲಿ ಪ್ರತಿಯೊಂದು ನೆರವನ್ನೂ ಒಲೆಯ ಕಡೆಯಿಂದ ಹಿಂದಕ್ಕೆ ಓದುತ್ತಾ ಹೋಗೋಣ. ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ ಓದುವವರು ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತಾ ಓದಿದರೆ ಒಳ್ಳೆಯದು.

ಯಾವ ಕುಟುಂಬಕ್ಕೆ ಯಾವ ಬಾಗಿಲು

ಮೊದಲು ಕೇಳಬೇಕಾದ್ದು: ಈ ಕುಟುಂಬ ನಿರಾಶ್ರಿತರೆಂದು ನೋಂದಣಿಯಾಗಿದೆಯೇ? ವಿಶ್ವಸಂಸ್ಥೆಯ ಮಹಾಸಭೆ 1949ರ ಡಿಸೆಂಬರ್ 8ರಂದು 302ನೇ ನಿರ್ಣಯದ ಮೂಲಕ ಪ್ಯಾಲೆಸ್ಟೀನ್ ನಿರಾಶ್ರಿತರಿಗೆಂದೇ ಒಂದು ಸಂಸ್ಥೆ ಕಟ್ಟಿತು. ಉನ್ರ್ವಾ ಎಂದು ಎಲ್ಲರೂ ಕರೆಯುವ ಈ ಸಂಸ್ಥೆ 1950ರ ಮೇ 1ರಂದು ಕೆಲಸ ಶುರುಮಾಡಿದಾಗ ಅದರ ಆಸರೆಯಲ್ಲಿದ್ದವರು ಸುಮಾರು 7.5 ಲಕ್ಷ, ಈಗ ನೋಂದಾಯಿತರು 59 ಲಕ್ಷದಷ್ಟಿದ್ದಾರೆ. 1946ರ ಜೂನ್ 1ರಿಂದ 1948ರ ಮೇ 15ರವರೆಗೆ ಪ್ಯಾಲೆಸ್ಟೀನಿನಲ್ಲಿ ವಾಸವಿದ್ದು, ಇಸ್ರೇಲ್ ಸ್ಥಾಪನೆಯ ಹೊತ್ತಿನ 1948ರ ಸಂಘರ್ಷದಲ್ಲಿ ಮನೆ ಮತ್ತು ಜೀವನೋಪಾಯ ಎರಡನ್ನೂ ಕಳೆದುಕೊಂಡವರು, ತಂದೆಯ ಕಡೆಯಿಂದ ಅವರ ಸಂತತಿ ಇದರಲ್ಲಿ ಸೇರುತ್ತಾರೆ. ನಿರಾಶ್ರಿತನಲ್ಲದವನನ್ನು ಮದುವೆಯಾದ ಹೆಣ್ಣಿನ ನೋಂದಣಿ ಉಳಿಯುತ್ತದೆ. ಮಕ್ಕಳು ನಿರಾಶ್ರಿತರೆಂದು ದಾಖಲಾಗುವುದಿಲ್ಲ, ಸೇವೆ ಮಾತ್ರ ಪಡೆಯಬಹುದು. ಮನೆಮನೆ ಸಮೀಕ್ಷೆ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಉನ್ರ್ವಾ ಕಾರ್ಯಕ್ಷೇತ್ರ ಐದು: ಜೋರ್ಡಾನ್, ಲೆಬನಾನ್, ಸಿರಿಯಾ, ಪಶ್ಚಿಮ ದಂಡೆ, ಗಾಜಾ. ಒಟ್ಟು 58 ಮಾನ್ಯ ಶಿಬಿರಗಳಲ್ಲಿ ಪಶ್ಚಿಮ ದಂಡೆಯಲ್ಲಿ 19, ಗಾಜಾದಲ್ಲಿ 8. ಶಿಬಿರ ಎಂದಾಕ್ಷಣ ಗುಡಾರ ನೆನಪಾಗುತ್ತದೆ. ಇವು ದಶಕಗಳಿಂದ ಕಾಂಕ್ರೀಟು ಮನೆಗಳು ಒತ್ತಿಕೊಂಡು ಬೆಳೆದ ಬಡಾವಣೆಗಳು. ಶಾಲೆ, ಆರೋಗ್ಯ ಕೇಂದ್ರ, ಪಡಿತರ ಉನ್ರ್ವಾದ್ದು. ಆಡಳಿತ, ಪೊಲೀಸ್ ವ್ಯವಸ್ಥೆ ಅದರ ಕೈಯಲ್ಲಿಲ್ಲ. ಹಣ ಬಹುತೇಕ ದೇಶಗಳ ಸ್ವಇಚ್ಛೆಯ ದೇಣಿಗೆ. ಭಾರತ 2018ರಿಂದ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುತ್ತಾ ಬಂದಿದೆ. ದೇಣಿಗೆಯನ್ನೇ ನೆಚ್ಚಿದ ಸಂಸ್ಥೆಗೆ 2024ರ ಜನವರಿಯಲ್ಲಿ ಹಲವು ದಾನಿ ದೇಶಗಳು ಒಮ್ಮೆಲೇ ಹಣ ತಡೆಹಿಡಿದಾಗ ಶಿಕ್ಷಕರ ಸಂಬಳವೇ ಪ್ರಶ್ನೆಯಾಯಿತು. ಸಂಸ್ಥೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಿಕ್ಷಣದ್ದೇ ಎಂಬುದನ್ನು ನೆನಪಿಡಿ.

ನಿರಾಶ್ರಿತರಲ್ಲದ ಬಡ ಕುಟುಂಬಗಳಿಗೆ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಪ್ಯಾಲೆಸ್ಟೀನ್ ಪ್ರಾಧಿಕಾರದ ಸಾಮಾಜಿಕ ಅಭಿವೃದ್ಧಿ ಸಚಿವಾಲಯ. ಗಾಜಾದಲ್ಲಿ ಹತ್ತರಲ್ಲಿ ಏಳು ಮಂದಿ ನಿರಾಶ್ರಿತರೇ ಆದ್ದರಿಂದ ಯುದ್ಧದ ಹೊತ್ತಿನಲ್ಲಿ ಈ ಗೆರೆ ಬಹುಮಟ್ಟಿಗೆ ಅಳಿಸಿಹೋಯಿತು.

ಹಿಟ್ಟಿನ ಚೀಲ ಎಷ್ಟು ದಿನ?

ತುರ್ತು ನೆರವಿನ ಸ್ಫಿಯರ್ ಮಾನದಂಡದಂತೆ ತಲಾ ದಿನಕ್ಕೆ 2,100 ಕಿಲೋಕ್ಯಾಲೊರಿ. ಆರು ಜನರ ಕುಟುಂಬಕ್ಕೆ 12,600. ಗೋಧಿ ಹಿಟ್ಟಿನ 25 ಕೆ.ಜಿ. ಚೀಲದಲ್ಲಿ, ಕೆ.ಜಿ.ಗೆ 3,500 ಹಿಡಿದರೆ, 87,500 ಕಿಲೋಕ್ಯಾಲೊರಿ. ಬರೀ ರೊಟ್ಟಿಯಲ್ಲೇ ಬದುಕಿದರೆ ಏಳು ದಿನಕ್ಕೆ ಚೀಲ ಖಾಲಿ. ಅರ್ಧ ಶಕ್ತಿ ಬೇಳೆ, ಎಣ್ಣೆ, ಡಬ್ಬಿ ಆಹಾರದಿಂದ ಬಂದರೆ ಎರಡು ವಾರ. ‘ಕುಟುಂಬಕ್ಕೊಂದು ಚೀಲ’ ಎಂಬ ಸುದ್ದಿ ಓದಿದಾಗ, ಮುಂದಿನ ಚೀಲ ಯಾವಾಗ ಎಂದು ಕೇಳಲೇಬೇಕು.

ಇನ್ನು ಒಲೆ. ಅಷ್ಟು ಹಿಟ್ಟು ನಾದಲು 15 ಲೀಟರ್ ಶುದ್ಧ ನೀರು ಬೇಕು, ಉಪ್ಪು, ಯೀಸ್ಟ್ ಬೇಕು. ಅಡುಗೆ ಅನಿಲ ಬಾರದಿದ್ದರೆ ಮಣ್ಣಿನ ಒಲೆ, ಅದಕ್ಕೆ ಸೌದೆ. ಸೌದೆಯೂ ಮುಗಿದಾಗ ಪ್ಲಾಸ್ಟಿಕ್ ಕಸ ಉರಿಸುತ್ತಾರೆ, ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕೂತ ಹೆಂಗಸರು, ಮಕ್ಕಳು. 2025ರ ಮಾರ್ಚ್ 2ರಿಂದ ಗಾಜಾಕ್ಕೆ ಸರಕು ಪೂರ್ತಿ ನಿಂತಿತು. ಆ ತಿಂಗಳ ಕೊನೆಗೆ ವಿಶ್ವ ಆಹಾರ ಕಾರ್ಯಕ್ರಮದ ಬೆಂಬಲದ 25 ಬೇಕರಿಗಳೂ ಮುಚ್ಚಿದವು. ಕಾರಣ ಎರಡು: ಹಿಟ್ಟೂ ಮುಗಿದಿತ್ತು, ಅನಿಲವೂ ಮುಗಿದಿತ್ತು. ಆಗ ಜನರನ್ನು ಹಿಡಿದಿಟ್ಟದ್ದು ‘ತಕಿಯಾ’ ಎನ್ನುವ ಸಮುದಾಯ ಅಡುಗೆಮನೆಗಳು. ದೊಡ್ಡ ಕೊಪ್ಪರಿಗೆಯಲ್ಲಿ ಒಟ್ಟಿಗೆ ಬೇಯಿಸಿದರೆ ಊಟವೊಂದಕ್ಕೆ ತಗಲುವ ಉರುವಲು ತೀರಾ ಕಡಿಮೆ.

ಪೊಟ್ಟಣದಲ್ಲಿ ಏನಿಡಬೇಕು ಎಂಬುದೂ ಇದರ ಮೇಲೆಯೇ ನಿಲ್ಲುತ್ತದೆ. ಕಾಬೂಲಿ ಕಡಲೆ ಪೌಷ್ಟಿಕ, ಆದರೆ ರಾತ್ರಿಯಿಡೀ ನೆನೆದು ಒಂದು ತಾಸಿಗೂ ಹೆಚ್ಚು ಬೇಯಬೇಕು. ಕೆಂಪು ಮಸೂರ ಬೇಳೆ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಉರುವಲಿಲ್ಲದ ಕಡೆ ಕಡಲೆ ಕೊಡುವುದು ಪಟ್ಟಿಯ ಮೇಲೆ ಪ್ರೋಟೀನ್ ತೋರಿಸಿದ ಹಾಗಾಗುತ್ತದೆ, ಹೊಟ್ಟೆಗೆ ಸೇರುವುದಿಲ್ಲ. ಡಬ್ಬಿ ಆಹಾರಕ್ಕೆ ಒಲೆ ಬೇಡ. ತೂಕ ಹೆಚ್ಚು, ಲಾರಿಯಲ್ಲಿ ಹಿಡಿಸುವ ಊಟ ಕಡಿಮೆ.

ದೂರದ ಮಾತು ಬೇರೆಯೇ ಹೇಳಬೇಕು. ವಿಶ್ವಸಂಸ್ಥೆಯ ಸಂಸ್ಥೆಗಳೂ ಜೊತೆಗಾರರೂ ಗಾಜಾದಲ್ಲಿ ಸುಮಾರು 400 ಕಡೆ ಹಂಚುತ್ತಿದ್ದರು. 2025ರ ಮೇ ಕೊನೆಯಲ್ಲಿ ಶುರುವಾದ ಬೇರೊಂದು ವ್ಯವಸ್ಥೆ, ಗಾಜಾ ಹ್ಯುಮಾನಿಟೇರಿಯನ್ ಫೌಂಡೇಶನ್, ನಾಲ್ಕೇ ಜಾಗದಲ್ಲಿ ಹಂಚಿತು. ಆ ಜಾಗಗಳ ಆಸುಪಾಸಿನಲ್ಲಿ ನೂರಾರು ಜನ ಸತ್ತರು. ಜೀವಹಾನಿಯ ಜೊತೆಗೆ ವಿನ್ಯಾಸದ ದೋಷವನ್ನೂ ಗಮನಿಸಬೇಕು: ಮೈಲುಗಟ್ಟಲೆ ನಡೆದು ಇಪ್ಪತ್ತು ಕೆ.ಜಿ. ಹೊತ್ತು ತರಬಲ್ಲವರು ಗಟ್ಟಿಮುಟ್ಟಾದ ಗಂಡಸರು. ವಿಧವೆ, ಗಾಯಾಳು, ಗಾಲಿಕುರ್ಚಿಯಲ್ಲಿರುವವರು, ಹಸುಗೂಸಿನ ತಾಯಿ ಮೊದಲ ದಿನವೇ ಹೊರಗುಳಿಯುತ್ತಾರೆ. ಮನೆ ಹತ್ತಿರದ ಕೇಂದ್ರ, ಮೊದಲೇ ತಿಳಿಸಿದ ದಿನ, ಹೆಸರು ಕೂಗಿ ಕೊಡುವ ಪಟ್ಟಿ ಇವಿಲ್ಲದಿದ್ದರೆ ಹಂಚಿಕೆ ನೂಕುನುಗ್ಗಲಾಗುತ್ತದೆ.

ನೀರು: ಎರಡು ಟ್ಯಾಂಕಿನ ಊರು

ಗಾಜಾದ ಅಂತರ್ಜಲ ಕರಾವಳಿ ಜಲಸ್ತರದ್ದು. ಅತಿಯಾಗಿ ಎತ್ತಿದ್ದರಿಂದ ಸಮುದ್ರದ ಉಪ್ಪು ಒಳನುಗ್ಗಿದೆ, ಚರಂಡಿ ನೀರಿನ ಮತ್ತು ಗೊಬ್ಬರದ ನೈಟ್ರೇಟ್ ಸೇರಿದೆ. ಯುದ್ಧಕ್ಕೆ ಮುಂಚೆಯೇ ಶೇ. 95ಕ್ಕೂ ಹೆಚ್ಚು ಕುಡಿಯಲು ಯೋಗ್ಯವಿರಲಿಲ್ಲ. ಹಾಗಾಗಿ ಮನೆಗಳಲ್ಲಿ ಬಳಕೆಯ ಸವಳು ನೀರಿಗೆ ಒಂದು ಟ್ಯಾಂಕ್, ಟ್ಯಾಂಕರಿನಿಂದ ಕೊಂಡ ಸಿಹಿನೀರಿಗೆ ಇನ್ನೊಂದು. ಉಪ್ಪು ತೆಗೆದ ಸಿಹಿನೀರು ಘಟಕದಿಂದ ಹೊರಡುವಾಗ ಶುದ್ಧವಾಗಿರುತ್ತದೆ. ಕ್ಲೋರಿನ್ ಸೇರಿಸದಿದ್ದರೆ ಅದಕ್ಕೆ ದಾರಿಯಲ್ಲಿ ಕಾವಲಿಲ್ಲ. ಟ್ಯಾಂಕರ್, ಕೊಳವೆ, ಕೊಡ, ಅದ್ದಿದ ಲೋಟ ಎಲ್ಲಿ ಬೇಕಾದರೂ ಕೆಡುತ್ತದೆ. ಭೇದಿ ಹರಡುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲಿ.

ಕನಿಷ್ಠ ಮಾನದಂಡ ತಲಾ ದಿನಕ್ಕೆ 15 ಲೀಟರ್. ಒಂದು ಗುಡಾರ ನೆಲೆಯಲ್ಲಿ 150 ಕುಟುಂಬ, 900 ಜನ ಎಂದುಕೊಳ್ಳಿ. ಬೇಕಾದ್ದು 13,500 ಲೀಟರ್. ದಿನಕ್ಕೊಂದು 10,000 ಲೀಟರ್ ಟ್ಯಾಂಕರ್ ಬಂದರೆ ತಲಾ 11 ಲೀಟರ್, ಸಾಲದು. ನಲ್ಲಿಗೆ 250 ಜನರಂತೆ ನಾಲ್ಕು ನಲ್ಲಿ, ಶೌಚಾಲಯಕ್ಕೆ 20 ಜನರಂತೆ 45 ಶೌಚಾಲಯ. ಸರದಿ ಅರ್ಧ ಗಂಟೆ ಮೀರಬಾರದು, ನಲ್ಲಿ 500 ಮೀಟರ್ ಒಳಗಿರಬೇಕು. ಶೌಚಾಲಯ 50 ಮೀಟರಿಗಿಂತ ದೂರವಾದರೆ, ದೀಪವಿಲ್ಲದಿದ್ದರೆ, ಹೆಣ್ಣುಮಕ್ಕಳು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಕ್ಲೋರಿನ್ ಹಾಕುವ ವಿಧಾನ: ಶೇ. 70 ಸಾಂದ್ರತೆಯ ಕ್ಯಾಲ್ಸಿಯಂ ಹೈಪೊಕ್ಲೋರೈಟ್ 15 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಶೇ. 1ರ ದ್ರಾವಣ. ನಮ್ಮ ಪಂಚಾಯಿತಿಗಳ ಬ್ಲೀಚಿಂಗ್ ಪುಡಿಯಾದರೆ ಶೇ. 33ರ ಆಸುಪಾಸು, ಅದು 30 ಗ್ರಾಂ ಮೇಲೆ ಬೇಕಾಗುತ್ತದೆ. ಲೋಹದ್ದಲ್ಲದ ನಾಲ್ಕು ಬಕೆಟ್‌ಗಳಲ್ಲಿ 20 ಲೀಟರಿನಂತೆ ಅದೇ ನೀರು ತುಂಬಿ, ಕ್ರಮವಾಗಿ 1, 1.5, 2, 2.5 ಮಿ.ಲೀ. ದ್ರಾವಣ ಹಾಕಿ ಕಲಕಿ. ಅರ್ಧ ಗಂಟೆ ಬಿಟ್ಟು ಉಳಿದ ಕ್ಲೋರಿನ್ ಅಳೆಯಿರಿ. ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ಉಳಿದ ಬಕೆಟ್ಟೇ ಅಳತೆ. ಅದು 2 ಮಿ.ಲೀ. ಬಕೆಟ್ ಆದರೆ 10,000 ಲೀಟರ್ ಟ್ಯಾಂಕರಿಗೆ ಒಂದು ಲೀಟರ್ ದ್ರಾವಣ. ನೀರು ಕದಡಿದ್ದರೆ ಕ್ಲೋರಿನ್ ಕೆಸರಿನಲ್ಲೇ ಮುಗಿಯುತ್ತದೆ, ಮೊದಲು ತಿಳಿಯಾಗಲು ಬಿಡಬೇಕು. ಟ್ಯಾಂಕರಿನಲ್ಲಿ ಅಳೆದು ತೃಪ್ತರಾಗುವುದು ತಪ್ಪು. ಗುಡಾರದೊಳಗಿನ ಕೊಡದಲ್ಲೂ ಅಳೆಯಬೇಕು.

ಮಗುವಿನ ತೋಳು

6ರಿಂದ 59 ತಿಂಗಳ ಮಕ್ಕಳಿಗೆ ತೋಳಿನ ಸುತ್ತಳತೆಯ ಪಟ್ಟಿ ಬಳಸುತ್ತಾರೆ. ಎಡಗೈ ಮಡಿಸಿ ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಬಿಂದು ಗುರುತಿಸಿ, ಕೈ ಸಡಿಲವಾಗಿ ಇಳಿಬಿಟ್ಟು ಅಳೆಯಬೇಕು. 115 ಮಿ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 115ರಿಂದ 125ರೊಳಗೆ ಮಧ್ಯಮ. ಪಟ್ಟಿ ಬಿಗಿದರೆ ಆರೋಗ್ಯವಂತ ಮಗು ತೀವ್ರ ಅಪೌಷ್ಟಿಕತೆಯ ಕೆಂಪು ಭಾಗಕ್ಕೆ ಬೀಳುತ್ತದೆ, ಸಡಿಲಾದರೆ ಸಾಯುವ ಮಗು ತಪ್ಪಿಹೋಗುತ್ತದೆ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಕುಳಿ ಉಳಿಯುತ್ತದೆಯೇ ನೋಡುವುದನ್ನು ಮರೆಯಬಾರದು; ಹಾಗೆ ಬಾವು ಇದ್ದರೆ ತೋಳಿನ ಅಳತೆ ಎಷ್ಟೇ ಇರಲಿ, ಸ್ಥಿತಿ ತೀವ್ರವೇ.

ಚಿಕಿತ್ಸೆಗೆ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆಯ ಪೇಸ್ಟ್. ಪೊಟ್ಟಣ 92 ಗ್ರಾಂ, 500 ಕಿಲೋಕ್ಯಾಲೊರಿ. 8 ಕೆ.ಜಿ. ಮಗುವಿಗೆ ದಿನಕ್ಕೆ ಮೂರರ ಆಸುಪಾಸು. ನೀರಿನಲ್ಲಿ ಕಲಸಬಾರದು, ಪಕ್ಕದಲ್ಲಿ ಶುದ್ಧ ನೀರು ಕುಡಿಸುತ್ತಿರಬೇಕು. ಆರು ತಿಂಗಳೊಳಗಿನ ಕೂಸಿಗೆ ಇದು ಬೇಡ, ತಾಯಿಗೆ ಊಟ ಕೊಟ್ಟು ಎದೆಹಾಲು ಉಳಿಸಬೇಕು. ಕೈಕೊಡುವುದು ಎಲ್ಲಿ ಎಂದರೆ, ಮೂವರು ಹಸಿದ ಮಕ್ಕಳಿರುವ ಮನೆಯಲ್ಲಿ ತಾಯಿ ಒಂದು ಪೊಟ್ಟಣವನ್ನು ಮೂರು ಪಾಲು ಮಾಡುತ್ತಾಳೆ. ಅವಳನ್ನು ದೂರುವುದು ಅನ್ಯಾಯ. ಪೊಟ್ಟಣದ ಜೊತೆಗೇ ಮನೆಯ ಪಡಿತರ ಹೋಗಬೇಕು.

ಕ್ಷಾಮ ಘೋಷಣೆಗೂ ಅಳತೆಗೋಲಿದೆ: ಶೇ. 20 ಮನೆಗಳಲ್ಲಿ ಆಹಾರದ ತೀವ್ರ ಅಭಾವ. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಶೇ. 30, ಅಥವಾ ತೋಳಿನ ಲೆಕ್ಕದಲ್ಲಿ ಶೇ. 15 ಮಕ್ಕಳು ಅಪೌಷ್ಟಿಕ. ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು. 2025ರ ಆಗಸ್ಟ್ 22ರಂದು ಗಾಜಾ ನಗರವಿರುವ ಜಿಲ್ಲೆಯಾದ ಗಾಜಾ ಗವರ್ನರೇಟಿನಲ್ಲಿ ಕ್ಷಾಮ ದೃಢಪಟ್ಟಿತು. ಘೋಷಣೆ ಬರುವ ಹೊತ್ತಿಗೆ ಎಷ್ಟೋ ಮಕ್ಕಳು ಹೋಗಿರುತ್ತಾರೆ, ಆದ್ದರಿಂದ ತೋಳಿನ ಅಳತೆ ಇಳಿಯತೊಡಗಿದ ತಿಂಗಳೇ ಕೆಲಸ ಶುರುವಾಗಬೇಕು.

ನಗದು

ಅಂಗಡಿಯಲ್ಲಿ ಮಾಲಿದ್ದರೆ ನಗದೇ ಉತ್ತಮ. ಮನೆಗೆ ಔಷಧಿ ಬೇಕೋ ಹಿಟ್ಟು ಬೇಕೋ ಎಂಬುದು ಮನೆಯವರಿಗೇ ಗೊತ್ತು. ಪ್ಯಾಲೆಸ್ಟೀನ್ ಪ್ರಾಧಿಕಾರದ ಸಾಮಾಜಿಕ ಅಭಿವೃದ್ಧಿ ಸಚಿವಾಲಯದ ನಗದು ಯೋಜನೆ 2010ರಲ್ಲಿ ಶುರುವಾಯಿತು: ಮೂರು ತಿಂಗಳಿಗೊಮ್ಮೆ ಕುಟುಂಬಕ್ಕೆ ಸುಮಾರು 750ರಿಂದ 1,800 ಶೇಕೆಲ್ (ಇಸ್ರೇಲಿನ ಹಣ). ಆಯ್ಕೆ ನಡೆಯುತ್ತಿದ್ದುದು ಮನೆಯ ಸ್ಥಿತಿ, ವಸ್ತುಗಳು, ಅವಲಂಬಿತರು ಮೊದಲಾದವನ್ನು ಸೇರಿಸಿದ ಸೂತ್ರದಿಂದ. ಹಳೆಯ ಒಳ್ಳೆಯ ದಿನಗಳ ಫ್ರಿಡ್ಜ್ ಮನೆಯಲ್ಲಿದ್ದರೆ, ದುಡಿಮೆ ಪೂರಾ ನಿಂತ ಕುಟುಂಬವೂ ಸೂತ್ರದಲ್ಲಿ ಸ್ಥಿತಿವಂತವಾಗುತ್ತದೆ. ಹಾಗಾಗಿ ದೂರು ಕೇಳುವ, ಮರುಭೇಟಿ ಮಾಡುವ ವ್ಯವಸ್ಥೆ ಜೊತೆಗಿರಲೇಬೇಕು. ಪ್ರಾಧಿಕಾರದ ಹಣಕಾಸು ಬಿಕ್ಕಟ್ಟಿನಿಂದ ಮುಂದೆ ಕಂತುಗಳೇ ತಪ್ಪತೊಡಗಿದವು.

ಗಾಜಾದಲ್ಲಿ ಇನ್ನೊಂದು ತೊಡಕು. ಚಲಾವಣೆಯ ಹಣ ಇಸ್ರೇಲಿನ ಶೇಕೆಲ್; ಯುದ್ಧ ಶುರುವಾದ ಮೇಲೆ ಹೊಸ ನೋಟು ಒಳಗೆ ಬರಲಿಲ್ಲ, ಇದ್ದವು ಹರಿದವು. ಮೊಬೈಲ್ ವಾಲೆಟ್ಟಿಗೆ ಬಂದ ಹಣವನ್ನು ನೋಟು ಮಾಡಿಸಲು 2025ರಲ್ಲಿ ಶೇ. 40ರ ಆಸುಪಾಸಿನ ಕಮಿಷನ್ ಕಿತ್ತದ್ದುಂಟು. ಸಾವಿರ ಶೇಕೆಲ್ ಬಂದರೆ ಕೈಗೆ ಆರುನೂರು. ಬೆಲೆ ದುಪ್ಪಟ್ಟಾಗಿದ್ದರೆ ಅದರ ಕಸುವು ಮುನ್ನೂರು. ಅಂಗಡಿಯವರೇ ವಾಲೆಟ್ಟಿನಲ್ಲಿ ಹಣ ಪಡೆಯುವಂತೆ ಒಪ್ಪಿಸುವುದೊಂದು ಪರಿಹಾರ. ಹಣ ಕಳಿಸಿದ ದಾಖಲೆಯ ಜೊತೆ, ಅದರಲ್ಲಿ ಏನು ಕೊಂಡರು ಎಂಬುದನ್ನೂ ವಿಚಾರಿಸಬೇಕು. ಖಾತೆ ಗಂಡನ ಗುರುತಿನ ಸಂಖ್ಯೆಯಲ್ಲಿದ್ದು ಅವನು ಸತ್ತಿದ್ದರೆ ಅಥವಾ ಕಾಣೆಯಾಗಿದ್ದರೆ, ಹೆಂಡತಿಯ ಹೆಸರಿಗೆ ಬದಲಿಸುವ ಕೆಲಸ ಹಣ ಕಳಿಸುವುದಕ್ಕಿಂತ ಮೊದಲು ಆಗಬೇಕು.

ಪಶ್ಚಿಮ ದಂಡೆ: ನೆಲ, ನೀರು, ಆಲಿವ್

ಇಸ್ರೇಲಿಗೂ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೂ ಆದ 1995ರ ಓಸ್ಲೋ ಎರಡನೇ ಒಪ್ಪಂದ, ಆಡಳಿತ ಯಾರದು ಎಂಬ ಲೆಕ್ಕದಲ್ಲಿ ಪಶ್ಚಿಮ ದಂಡೆಯನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿತು. ಸಿ ವಲಯ ಸುಮಾರು ಶೇ. 60, ಅಲ್ಲಿ ಏನು ಕಟ್ಟಲೂ ಇಸ್ರೇಲಿ ಆಡಳಿತದ ಪರವಾನಗಿ ಬೇಕು, ಅದು ಪ್ಯಾಲೆಸ್ಟೀನಿಯರಿಗೆ ಸಿಗುವುದು ಬಲು ಅಪರೂಪ. ಪರವಾನಗಿಯಿಲ್ಲದ ಶಾಲೆ, ನೀರಿನ ತೊಟ್ಟಿ, ಸೌರ ಫಲಕ ಎಲ್ಲಕ್ಕೂ ನೆಲಸಮದ ಭಯ. ಹೆಬ್ರಾನ್ ದಕ್ಷಿಣದ ಮಸಾಫರ್ ಯಟ್ಟಾದಂಥ ಕುರಿಗಾಹಿಗಳ ಊರುಗಳಲ್ಲಿ ಹೊಸದನ್ನು ತೋಡುವ ಬದಲು, ಬಂಡೆಯಲ್ಲಿ ಕೊರೆದ ಹಳೆಯ ಮಳೆನೀರಿನ ತೊಟ್ಟಿಗಳನ್ನು ರಿಪೇರಿ ಮಾಡುತ್ತಾರೆ. ಅಪಾಯ ಪೂರ್ತಿ ಹೋಗದಿದ್ದರೂ ಕಡಿಮೆ. ಹೂಳು ತೆಗೆದು, ಬಿರುಕಿಗೆ ಗಾರೆ ಮೆತ್ತಿ, ನೀರು ಬರುವ ಬಾಯಿಗೆ ಹೂಳುಗುಂಡಿ ಕಟ್ಟಿ, ಮುಚ್ಚಳ ಹಾಕಬೇಕು. ಮಳೆ 300 ಮಿ.ಮೀ., ನೀರು ಹರಿದುಬರುವ ಹಾಸು 200 ಚದರ ಮೀಟರ್, ನಷ್ಟ ಶೇ. 20 ಎಂದಾದರೆ 48,000 ಲೀಟರ್. ಆರು ಜನಕ್ಕೆ ದಿನಕ್ಕೆ 300 ಲೀಟರಿನಂತೆ 160 ದಿನ. ಐವತ್ತು ಕುರಿಗಳನ್ನೂ ಸೇರಿಸಿದರೆ ಅದು ಅರ್ಧಕ್ಕಿಳಿಯಬಹುದು. ಉಳಿದ ಬೇಸಿಗೆಗೆ ದುಬಾರಿ ಟ್ಯಾಂಕರ್ ನೀರೇ ಗತಿ.

ಆಲಿವ್ ಕೊಯ್ಲು ಅಕ್ಟೋಬರ್–ನವೆಂಬರ್. ಮರ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕಡಿಮೆ, ಹಾಗಾಗಿ ಒಂದೇ ವರ್ಷದ ಆದಾಯ ನೋಡಿ ಯೋಜನೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ಇಸ್ರೇಲ್ ಕಟ್ಟಿದ ಪ್ರತ್ಯೇಕತಾ ಗೋಡೆಯಾಚೆಗಿನ ತೋಟಕ್ಕೆ ಹೋಗಲು ಪರವಾನಗಿ ಬೇಕು. ಹಲವು ಗೇಟು ತೆರೆಯುವುದು ಕೊಯ್ಲಿನ ಕೆಲವು ದಿನ ಮಾತ್ರ. ಉಳುಮೆ, ಸವರುವಿಕೆ ತಪ್ಪಿ ಇಳುವರಿ ಕುಸಿಯುವುದು ಹೀಗೆ. ಒಂದು ಲೀಟರ್ ಎಣ್ಣೆಗೆ ನಾಲ್ಕರಿಂದ ಆರು ಕೆ.ಜಿ. ಕಾಯಿ. ಗೋಣಿಚೀಲದಲ್ಲಿ ತುಂಬಿ ದಿನಗಟ್ಟಲೆ ಬಿಟ್ಟರೆ ಕಾಯಿ ಬಿಸಿಯೇರಿ ಹುಳಿಯುತ್ತದೆ, ಆಮ್ಲೀಯತೆ ಶೇ. 0.8 ದಾಟಿದರೆ ಎಕ್ಸ್‌ಟ್ರಾ ವರ್ಜಿನ್ ದರ್ಜೆ ಹೋಯಿತು. ಗಾಳಿಯಾಡುವ ಕ್ರೇಟು, 24 ಗಂಟೆಯೊಳಗೆ ಗಾಣ, ಸ್ಟೀಲ್ ಟ್ಯಾಂಕಿನಲ್ಲಿ ಶೇಖರಣೆ: ಸಹಕಾರ ಸಂಘಕ್ಕೆ ನೆರವು ಕೊಡುವುದಾದರೆ ಈ ಮೂರಕ್ಕೆ ಕೊಡಬೇಕು. ಪರವಾನಗಿಯ ಅರ್ಜಿ ತುಂಬಿಸುವ ಕಾನೂನು ಸಹಾಯಕರ ಸಂಬಳವೂ ಅದೇ ಬಜೆಟ್ಟಿನಲ್ಲಿ ಇರಲಿ. ತೋಟಕ್ಕೇ ಹೋಗಲಾಗದವರಿಗೆ ಕ್ರೇಟು ಕೊಟ್ಟು ಪ್ರಯೋಜನವಿಲ್ಲ.